ನಾಳಿನ ಚಿಂತೆ, ನಾಳಿನ ವ್ಯವಸ್ಥೆ: ಹುಬ್ಬಳ್ಳಿ-ಧಾರವಾಡ ಪರಿಸರದ ಧಾರ್ಮಿಕ ಬೋಧೆ ಮತ್ತು ಸಂಸ್ಥಾ ನಿರ್ಮಾಣ

ಶರಣ ಸಾಹಿತ್ಯದ ಅಧ್ಯಯನದಲ್ಲಿ ಕಾಯಕ ಮತ್ತು ದಾಸೋಹಗಳನ್ನು ಕುರಿತು ವಿಪುಲವಾದ ಚರ್ಚೆ ನಡೆದಿದೆ. ಆದರೆ ಈ ಎರಡು ತತ್ತ್ವಗಳ ಹಿಂದೆ ಕಾಲವನ್ನು ಕುರಿತ, ಅದರಲ್ಲಿಯೂ 'ನಾಳೆ'ಯನ್ನು ಕುರಿತ ಒಂದು ನಿಲುವು ಅಡಗಿರುವುದು ಅಷ್ಟಾಗಿ ಗಮನಕ್ಕೆ ಬಂದಂತಿಲ್ಲ. ನಾಳೆಗೆಂದು ತೆಗೆದಿರಿಸುವುದು ಭಕ್ತಿಗೆ ಸಲ್ಲದು ಎಂದು ಬೋಧಿಸಿದ ಪರಂಪರೆಯ ಅನುಯಾಯಿಗಳೇ ಹತ್ತೊಂಬತ್ತನೆಯ ಶತಮಾನದ ಕೊನೆ ಮತ್ತು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶಿಕ್ಷಣ ನಿಧಿ, ಪ್ರಸಾದ ನಿಲಯ, ಸಹಕಾರಿ ಸಂಘ, ಬ್ಯಾಂಕು, ಟ್ರಸ್ಟುಗಳನ್ನು ಕಟ್ಟಿದರು. ಅಂದಿನ ಮುಂಬಯಿ ಕರ್ನಾಟಕದಲ್ಲಿ, ವಿಶೇಷವಾಗಿ ಹುಬ್ಬಳ್ಳಿ-ಧಾರವಾಡದ ಸುತ್ತ, ಈ ಕಾರ್ಯ ಎದ್ದು ಕಾಣುವಷ್ಟು ದಟ್ಟವಾಗಿ ನಡೆಯಿತು. ಇದು ಮೂಲ ಬೋಧೆಯಿಂದ ದೂರ ಸರಿದುದರ ಫಲವೋ, ಅದರ ಮುಂದುವರಿಕೆಯೋ ಎಂಬ ಪ್ರಶ್ನೆಯನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಪ್ರಯತ್ನಿಸಲಾಗಿದೆ.

ಮೊದಲು ಪದದ ವಿಚಾರ. ಸಂಸ್ಕೃತದ 'ಚಿಂತ್' ಧಾತುವಿನಿಂದ ಬಂದ 'ಚಿಂತೆ' ಶಬ್ದಕ್ಕೆ ಆಲೋಚನೆ ಮತ್ತು ಕಳವಳ ಎಂಬ ಎರಡು ಅರ್ಥಗಳೂ ಇವೆ. ಕನ್ನಡದಲ್ಲಿ ಕಾಲಕ್ರಮೇಣ ಆಲೋಚನೆಯ ಅರ್ಥ 'ಚಿಂತನೆ'ಯ ಪಾಲಿಗೆ ಹೋಗಿ, ಕಳವಳದ ಅರ್ಥ 'ಚಿಂತೆ'ಯಲ್ಲಿ ಉಳಿಯಿತು. ಆದರೂ ಹಳೆಯ ಬೆರಕೆ ಪೂರ್ಣವಾಗಿ ಅಳಿಸಿಲ್ಲ. ನಿಜಗುಣ ಶಿವಯೋಗಿಯ 'ವಿವೇಕಚಿಂತಾಮಣಿ' ವಿವೇಚಿಸಿ ತಿಳಿಯುವವರ ಗ್ರಂಥ, ಆತಂಕಗೊಂಡವರದಲ್ಲ. ಇಂಥದೇ ತೊಡಕು ಇಂಗ್ಲಿಷ್ ಬೈಬಲಿನ ಇತಿಹಾಸದಲ್ಲಿಯೂ ಕಾಣುತ್ತದೆ. ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ನಾಳೆಯನ್ನು ಕುರಿತು ಬರುವ ಪ್ರಸಿದ್ಧ ಬೋಧೆಯನ್ನು 1611ರ ಆವೃತ್ತಿಯು ನಾಳೆಯ ಬಗ್ಗೆ ಆಲೋಚಿಸಲೇಬೇಡಿ ಎಂಬಂತೆ ಅನುವಾದಿಸಿದ್ದರೆ, 1881ರ ಪರಿಷ್ಕೃತ ಆವೃತ್ತಿಯು ಅದನ್ನು ಕಳವಳಪಡಬೇಡಿ ಎಂಬ ಅರ್ಥಕ್ಕೆ ತಿದ್ದಿತು. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದು ಈ ಬೋಧೆಯನ್ನು ಕನ್ನಡದಲ್ಲಿ ಸಾರತೊಡಗಿದಾಗ, ಕೇಳುವವರಿಗೆ ಅದು ಅಪರಿಚಿತವಾದ ಮಾತೇನೂ ಆಗಿರಲಿಲ್ಲ. ಈ ನೆಲದ ಭಕ್ತರು ಅದನ್ನು ಆಗಲೇ ಶತಮಾನಗಳಿಂದ ತಮ್ಮದೇ ಮಾತುಗಳಲ್ಲಿ ಕೇಳುತ್ತ ಬಂದಿದ್ದರು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಈ ನಿಲುವು ಅತ್ಯಂತ ನಿಷ್ಠುರವಾಗಿ ಪ್ರಕಟವಾಗಿದೆ. ಹೊನ್ನಾಗಲಿ ಬಟ್ಟೆಯಾಗಲಿ, ಇಂದಿಗೆ ನಾಳೆಗೆ ಬೇಕಾದೀತೆಂದು ಕಿಂಚಿತ್ತೂ ತೆಗೆದಿರಿಸುವುದಿಲ್ಲವೆಂಬ ಬಸವಣ್ಣನವರ ಪ್ರತಿಜ್ಞಾರೂಪದ ವಚನ ಸರ್ವವಿದಿತ. ಇದೇ ತತ್ತ್ವವನ್ನು ಸಂಸಾರದ ಒಳಗೆ ಇಟ್ಟು ಪರೀಕ್ಷಿಸಿದ ಪ್ರಸಂಗ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳದು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ನಿತ್ಯದ ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳುವುದಿಲ್ಲ. ಹೆಚ್ಚಿನದನ್ನು ಬಯಸುವುದು ಆಳುವವರ ಗುಣ, ತಮ್ಮ ಮನೆಗೆ ಅದು ಬೇಡ, ತಂದಲ್ಲಿಗೇ ಹಿಂದಿರುಗಿಸಿ ಎಂಬುದು ಆಕೆಯ ನಿಲುವು. ಗೂಳೂರ ಸಿದ್ಧವೀರಣ್ಣೊಡೆಯನ 'ಶೂನ್ಯಸಂಪಾದನೆ'ಯಲ್ಲಿ ಈ ಪ್ರಸಂಗಕ್ಕೆ ಒಂದು ಮುಖ್ಯ ಸ್ಥಾನವಿದೆ. ಆ ಕೃತಿಯನ್ನು ಇಂಗ್ಲಿಷಿಗೆ ತಂದು 1965ರಿಂದ 1972ರವರೆಗೆ ಐದು ಸಂಪುಟಗಳಲ್ಲಿ ಪ್ರಕಟಿಸಿದ ಕೀರ್ತಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸಲ್ಲುತ್ತದೆ.

ಈ ಪ್ರಸಂಗವನ್ನು ಸಾಮಾನ್ಯವಾಗಿ ಅಪರಿಗ್ರಹದ ಆದರ್ಶವೆಂದು ಓದಿ ಅಲ್ಲಿಗೇ ಬಿಡುತ್ತಾರೆ. ಸ್ವಲ್ಪ ನಿಧಾನಿಸಿ ನೋಡಿದರೆ ಇಲ್ಲಿ ಎರಡು ಸಂಗತಿಗಳು ಕಾಣುತ್ತವೆ. ಮೊದಲನೆಯದಾಗಿ, ಲಕ್ಕಮ್ಮನ ಮನೆಯಲ್ಲಿ ವ್ಯವಸ್ಥೆ ಇಲ್ಲವೆಂದಲ್ಲ. ಎಷ್ಟು ಅಕ್ಕಿ ಬರಬೇಕು, ಎಷ್ಟು ಜನಕ್ಕೆ ಸಾಕಾಗುತ್ತದೆ ಎಂಬ ಲೆಕ್ಕ ಆಕೆಗೆ ಕೈಯಳತೆಯಲ್ಲಿ ಗೊತ್ತಿದೆ. ಗೊತ್ತಿರುವುದರಿಂದಲೇ ಹೆಚ್ಚಾದದ್ದು ಒಡನೆ ತಿಳಿಯುತ್ತದೆ. ಎರಡನೆಯದು ಇದಕ್ಕಿಂತ ಗಂಭೀರವಾದುದು. ಮಾರಯ್ಯ ದಿನದಿನವೂ ಅಕ್ಕಿ ಆಯಬೇಕಾದರೆ ಮಹಾಮನೆಯಲ್ಲಿ ದಿನದಿನವೂ ಅಕ್ಕಿ ಚೆಲ್ಲುವಷ್ಟು ಸಂಗ್ರಹವಿರಬೇಕು. ಒಬ್ಬನ ನಾಳೆಯಿಲ್ಲದ ಬದುಕು ಇನ್ನೊಂದೆಡೆಯ ಕಣಜವನ್ನು ಅವಲಂಬಿಸಿದೆ. ಆ ಮಹಾಮನೆಯ ಒಡೆಯನಾದ ಬಸವಣ್ಣ ಸ್ವತಃ ಬಿಜ್ಜಳನ ಭಂಡಾರಿ ಎಂಬುದನ್ನು ಮರೆಯಲಾಗದು. ರಾಜ್ಯದ ಬೊಕ್ಕಸವನ್ನು ಕಾಯುವುದು ಎಂದರೆ ನಾಳಿನ ಲೆಕ್ಕವನ್ನು ಇಂದೇ ಹಾಕುವ ಕೆಲಸ. ಬಸವಣ್ಣ ಭಂಡಾರದ ಹಣವನ್ನು ಜಂಗಮರಿಗೆ ವೆಚ್ಚ ಮಾಡಿದನೆಂಬ ದೂರು ಬಂದಾಗ ಲೆಕ್ಕ ನೋಡಿದರೆ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲವೆಂದು ಚರಿತ್ರಕಾವ್ಯಗಳು ವರ್ಣಿಸುತ್ತವೆ. 1369ರಲ್ಲಿ ರಚಿತವಾದ ಭೀಮಕವಿಯ 'ಬಸವಪುರಾಣ' ಇವುಗಳಲ್ಲಿ ಪ್ರಮುಖವಾದುದು. ಪವಾಡದ ಅಂಶವನ್ನು ಬದಿಗಿಟ್ಟರೂ, ತನ್ನ ನಾಳೆಗೆ ಏನನ್ನೂ ಇರಿಸಿಕೊಳ್ಳದವನ ಲೆಕ್ಕಪುಸ್ತಕ ಸರಿಯಾಗಿರಬೇಕೆಂದು ಪರಂಪರೆ ಬಯಸಿತು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹೀಗಾಗಿ ಶರಣರ ನಿಷೇಧ ಸಂಗ್ರಹಕ್ಕೆ ಸಂಬಂಧಿಸಿದುದಲ್ಲ; ಯಾರಿಗಾಗಿ ಸಂಗ್ರಹ ಎಂಬುದಕ್ಕೆ ಸಂಬಂಧಿಸಿದುದು.

ದಾಸಸಾಹಿತ್ಯದಲ್ಲಿ ಇದೇ ವಿಚಾರ ಮತ್ತೊಂದು ರೂಪ ತಾಳಿದೆ. ಕನಕದಾಸರು ಹುಟ್ಟಿದ ಬಾಡ ಗ್ರಾಮ ಈಗ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನಲ್ಲಿದೆ. 1997ರಲ್ಲಿ ಜಿಲ್ಲೆ ವಿಭಜನೆಯಾಗುವವರೆಗೂ ಅದು ಧಾರವಾಡ ಜಿಲ್ಲೆಯ ಭಾಗವಾಗಿತ್ತು. ಮನಸ್ಸನ್ನೇ ಸಂಬೋಧಿಸಿ, ಕಲ್ಲಿನೊಳಗಿನ ಜೀವಕ್ಕೂ ಆಹಾರವಿತ್ತವನು ನಿನ್ನನ್ನು ಕೈಬಿಡುವನೇ ಎಂದು ಸಮಾಧಾನ ಹೇಳುವ ಅವರ ಕೀರ್ತನೆ ಇಂದಿಗೂ ಈ ಭಾಗದ ಭಜನಾ ಮಂಡಳಿಗಳಲ್ಲಿ ಕೇಳಿಬರುತ್ತದೆ. ಆದರೆ ಅದೇ ಕನಕದಾಸರು 'ರಾಮಧಾನ್ಯಚರಿತೆ'ಯನ್ನೂ ರಚಿಸಿದ್ದಾರೆ. ಆ ಕಾವ್ಯದಲ್ಲಿ ರಾಗಿ ಮತ್ತು ಭತ್ತಗಳ ಶ್ರೇಷ್ಠತೆಯ ವಿವಾದ ಮಾತಿನಿಂದ ತೀರ್ಮಾನವಾಗುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇರಿಸಲಾಗುತ್ತದೆ; ಅವಧಿ ಮುಗಿದಾಗ ಕಾಂತಿಗುಂದದೆ ಉಳಿದುದು ರಾಗಿ. ಈ ಕಾವ್ಯವನ್ನು ಸಾಮಾಜಿಕ ಅಸಮಾನತೆಯ ರೂಪಕವಾಗಿ ಓದುವುದು ರೂಢಿ, ಅದು ಸರಿಯಾದ ಓದೇ. ಆದರೆ ಕವಿ ಆರಿಸಿಕೊಂಡ ಪರೀಕ್ಷೆ ಯಾವುದೆಂಬುದನ್ನೂ ನೋಡಬೇಕು. ಕೂಡಿಟ್ಟಾಗ ಯಾವ ಧಾನ್ಯ ಬಾಳುತ್ತದೆ ಎಂಬ ಒಕ್ಕಲಿಗನ ಪ್ರಶ್ನೆಯನ್ನೇ ಆತ ದೈವಸಭೆಯ ಮುಂದಿಟ್ಟಿದ್ದಾನೆ. ಮನಸ್ಸಿಗೆ ತಲ್ಲಣ ಬೇಡವೆಂದವನಿಗೆ ಬರಗಾಲದಲ್ಲಿ ಕೈಹಿಡಿಯುವ ಧಾನ್ಯದ ಬೆಲೆ ತಿಳಿದಿತ್ತು. ಈ ಎರಡು ರಚನೆಗಳನ್ನು ಒಟ್ಟಿಗಿಟ್ಟು ಓದಿದರೆ ಮಾತ್ರ ಕನಕದಾಸರ ನಿಲುವು ಪೂರ್ಣವಾಗಿ ಗ್ರಹಿಕೆಗೆ ಬರುತ್ತದೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ಧಾನ್ಯದ ಮಾತು ಬಂದುದರಿಂದ ಧಾರವಾಡ ಸೀಮೆಯ ಹಗೇವುಗಳನ್ನು ಇಲ್ಲಿ ಪ್ರಸ್ತಾಪಿಸಬೇಕು. ನವಲಗುಂದ, ರೋಣ, ಗದಗಗಳ ಎರೆಭೂಮಿಯ ಹಳ್ಳಿಗಳಲ್ಲಿ ಜೋಳವನ್ನು ನೆಲದೊಳಗಿನ ಈ ಹೊಂಡಗಳಲ್ಲಿ ತುಂಬಿ, ಸುತ್ತ ಹುಲ್ಲಿನ ಮೆತ್ತೆ ಕೊಟ್ಟು, ಬಾಯಿಗೆ ಕಲ್ಲು ಮಣ್ಣು ಮುಚ್ಚಿ ವರ್ಷಗಟ್ಟಲೆ ಕಾಪಿಡುತ್ತಿದ್ದರು. ತೆರೆದೊಡನೆ ಒಳಗೆ ಇಳಿಯುವಂತಿರಲಿಲ್ಲ. ಕೆಟ್ಟ ಗಾಳಿಯಿಂದ ಪ್ರಾಣಹಾನಿಯಾಗುವ ಭಯವಿತ್ತು. ಹಗೇವು ತುಂಬುವ ಒಕ್ಕಲಿಗನನ್ನು ಯಾವ ಮಠವೂ ಆಸೆಬುರುಕನೆಂದು ಹಳಿಯಲಿಲ್ಲ. ಕಾರಣ, ಧಾನ್ಯ ಹಗೇವಿಗೆ ಹೋಗುವ ಮೊದಲೇ ಕಣದಲ್ಲಿ ಒಂದು ಹಂಚಿಕೆ ಮುಗಿದಿರುತ್ತಿತ್ತು. ರಾಶಿ ಪೂಜೆಯಾದ ಮೇಲೆ ಜಂಗಮನ ಪಾಲು, ಬಡಿಗ, ಕಮ್ಮಾರ, ಕುಂಬಾರ, ಅಗಸರೇ ಮೊದಲಾದ ಆಯಗಾರರ ಆಯ, ಬೇಡಿ ಬಂದವರ ಬೊಗಸೆ, ಇವೆಲ್ಲ ಸಂದ ನಂತರವೇ ಉಳಿದದ್ದು ಮನೆಯ ಕಡೆಗೆ ಸಾಗುತ್ತಿತ್ತು. ಬೆಳೆ ಇನ್ನೂ ಹೊಲದಲ್ಲಿರುವಾಗ ಸೀಗೆಹುಣ್ಣಿಮೆ, ಎಳ್ಳಮಾವಾಸ್ಯೆಗಳಂದು ಚರಗ ಚೆಲ್ಲುವ ಆಚರಣೆಯಲ್ಲಿಯೂ ಮೊದಲ ತುತ್ತು ಭೂಮಿಗೆ ಸಲ್ಲುತ್ತದೆ. ಶರಣರು ತತ್ತ್ವವಾಗಿ ಹೇಳಿದುದನ್ನು ಒಕ್ಕಲುತನವು ಕ್ರಮವಾಗಿ ಆಚರಿಸುತ್ತಿತ್ತು. ಈ ವ್ಯವಸ್ಥೆಯನ್ನು ಆದರ್ಶೀಕರಿಸುವ ಅಗತ್ಯವಿಲ್ಲ. ಆಯದ ಪಾಲು ಜಾತಿಯ ಏಣಿಗೆ ಅನುಸಾರವಾಗಿಯೇ ಇತ್ತು. ಭೂಮಿಯಿಲ್ಲದವನಿಗೆ ಹಗೇವೂ ಇರಲಿಲ್ಲ.

ಮುಂಬರುವ ವರ್ಷದ ಮಳೆಬೆಳೆಯನ್ನು ತಿಳಿಯುವ ಧಾರ್ಮಿಕ ವಿಧಾನಗಳೂ ಈ ಪರಿಸರದಲ್ಲಿ ಹೇರಳವಾಗಿವೆ. ಯುಗಾದಿಯ ಪಂಚಾಂಗ ಶ್ರವಣ, ಕಾರಹುಣ್ಣಿಮೆಯ ಕರಿ, ದೇವರಗುಡ್ಡ ಮತ್ತು ಮೈಲಾರಗಳ ಕಾರ್ಣಿಕ, ಧಾರವಾಡ ತಾಲ್ಲೂಕಿನ ಹನುಮನಕೊಪ್ಪದಲ್ಲಿ ಯುಗಾದಿಯ ವೇಳೆಗೆ ಹಳ್ಳದ ದಂಡೆಯಲ್ಲಿ ಗೊಂಬೆಗಳನ್ನು ಇರಿಸಿ ಮರುದಿನ ಓದುವ ಫಲ ಭವಿಷ್ಯ ಇವುಗಳಲ್ಲಿ ಕೆಲವು. ಇವು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದವು. ನಮ್ಮ ವಿಷಯಕ್ಕೆ ಸಂಬಂಧಿಸಿದಂತೆ ಹೇಳುವುದಾದರೆ, ಇಲ್ಲಿ ಜನರು ಕೇಳುವುದು ಬಹುತೇಕ ಊರಿನ, ಸೀಮೆಯ ನಾಳೆಯನ್ನು. ಒಂಟಿ ಮನುಷ್ಯನ ನಾಳೆ ಜೋಯಿಸನ ಮನೆಗೆ ಸೇರಿದ ವಿಷಯ.

ಈ ಇಡೀ ವ್ಯವಸ್ಥೆಯನ್ನು ಅಲುಗಾಡಿಸಿದುದು 1876ರಿಂದ 1878ರವರೆಗಿನ ಮಹಾಕ್ಷಾಮ. ಧಾತು ಮತ್ತು ಈಶ್ವರ ಸಂವತ್ಸರಗಳ ಈ ಬರ ಧಾರವಾಡ, ಕಲಾದಗಿ ಜಿಲ್ಲೆಗಳನ್ನು ತೀವ್ರವಾಗಿ ಬಾಧಿಸಿತು. 1872ರ ಜನಗಣತಿಗೆ ಹೋಲಿಸಿದರೆ 1881ರಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆ ಸುಮಾರು ಒಂದು ಲಕ್ಷದಷ್ಟು ಕುಗ್ಗಿತ್ತು. ಹಗೇವುಗಳು ಬರಿದಾದವು, ಆಯ ನಿಂತಿತು, ಭಿಕ್ಷೆ ನೀಡುವ ಮನೆಗಳೇ ಭಿಕ್ಷೆಗೆ ಹೊರಟವು. ಇಷ್ಟು ದಿನ ದಾಸೋಹದ ಹಿಂದೆ ನಿಂತಿದ್ದ ಹಳ್ಳಿಯ ಸಂಗ್ರಹ ನಂಬಲರ್ಹವಲ್ಲವೆಂದು ಸಿದ್ಧವಾದ ಮೇಲೆ, ನಾಳೆಯ ವ್ಯವಸ್ಥೆಯನ್ನು ಬೇರೆ ನೆಲೆಯಲ್ಲಿ ಕಟ್ಟಬೇಕಾದ ಒತ್ತಾಯ ಉಂಟಾಯಿತು. ಮುಂದಿನ ನಾಲ್ಕು ದಶಕಗಳ ಸಂಸ್ಥಾ ನಿರ್ಮಾಣಕ್ಕೆ ಆಂಗ್ಲ ಶಿಕ್ಷಣದ ಆಕರ್ಷಣೆ, ಸರ್ಕಾರಿ ನೌಕರಿಗಳಲ್ಲಿ ಮರಾಠಿ ಬಲ್ಲವರ ಪ್ರಾಬಲ್ಯ ಮೊದಲಾದ ಕಾರಣಗಳನ್ನು ಹೇಳುವಾಗ ಈ ಕ್ಷಾಮದ ನೆನಪನ್ನೂ ಸೇರಿಸಿ ನೋಡಬೇಕಾಗಿದೆ.

ಕ್ಷಾಮದ ಆ ವರ್ಷಗಳ ಸುಮಾರಿನಲ್ಲಿಯೇ ಸಿದ್ಧಾರೂಢರು ಹುಬ್ಬಳ್ಳಿಯಲ್ಲಿ ನೆಲೆಸಿದರು. 1836ರಲ್ಲಿ ಇಂದಿನ ಬೀದರ್ ಜಿಲ್ಲೆಯಲ್ಲಿ ಜನಿಸಿ 1929ರಲ್ಲಿ ಹುಬ್ಬಳ್ಳಿಯಲ್ಲಿ ಸಮಾಧಿಸ್ಥರಾದ ಅವರ ಬೋಧೆ ಅದ್ವೈತ ವೇದಾಂತದ್ದು. ನಿಜಗುಣ ಶಿವಯೋಗಿಯ ಶಾಸ್ತ್ರಗ್ರಂಥಗಳ ಶ್ರವಣ ಅವರ ಮಠದ ಮುಖ್ಯ ಸಾಧನೆಯಾಗಿತ್ತು. ವೇದಾಂತದ ಪ್ರಕಾರ ದೇಹದ ನಿರ್ವಹಣೆ ಪ್ರಾರಬ್ಧಕ್ಕೆ ಸೇರಿದುದು; ಆಗಲೇ ಬಿಟ್ಟ ಬಾಣದಂತೆ ಅದು ತನ್ನ ವೇಗ ತೀರುವವರೆಗೆ ಸಾಗುತ್ತದೆ. ಅದನ್ನು ಕುರಿತ ಚಿಂತೆ ನಿಷ್ಫಲ. ಜ್ಞಾನಿಗೆ ಚಿಂತೆಯಿಲ್ಲವೆಂಬುದಕ್ಕೆ ಆತನ ಧೈರ್ಯ ಕಾರಣವಲ್ಲ, ಚಿಂತಿಸುವ 'ನಾನು' ಎಂಬುದೇ ಅಲ್ಲಿ ಉಳಿದಿರುವುದಿಲ್ಲ. ಶರಣರ ನಿಲುವಿಗಿಂತ ಇದು ತಾತ್ತ್ವಿಕವಾಗಿ ಭಿನ್ನವಾದುದು. ಶರಣರಲ್ಲಿ ನಾಳೆಯನ್ನು ಬಿಡುವುದು ಇನ್ನೊಬ್ಬರಿಗೆ ನೀಡುವುದಕ್ಕಾಗಿ. ವೇದಾಂತದಲ್ಲಿ ಅದು ಕರ್ತೃತ್ವವನ್ನು ಬಿಡುವುದರ ಒಂದು ಅಂಗ. ಆದರೆ ಹುಬ್ಬಳ್ಳಿಯ ಮಠದಲ್ಲಿ ಈ ಎರಡೂ ಒಂದೇ ಪಂಕ್ತಿಯಲ್ಲಿ ಕುಳಿತವು. ಅವಧೂತರ ಸುತ್ತ ಸೇರಿದ ಸಹಸ್ರಾರು ಜನರಿಗೆ ಪ್ರಸಾದವಾಗಬೇಕಿತ್ತು. ಗುರುಗಳಿಗೆ ನಾಳೆಯ ಪರಿವೆಯಿಲ್ಲದಿದ್ದರೂ ನಾಳೆಯ ಅಡುಗೆಗೆ ಎಷ್ಟು ಚೀಲ ಜೋಳ, ಎಷ್ಟು ಸೌದೆ ಎಂಬುದನ್ನು ಯಾರಾದರೂ ನೋಡಲೇಬೇಕು. ಜಾತ್ರೆಗಳ ಪಂಕ್ತಿಗಳನ್ನು ಕಂಡವರಿಗೆ ಇದರ ಗಾತ್ರ ಊಹೆಗೆ ನಿಲುಕುತ್ತದೆ. ಗುರುವಿನ ನಿಶ್ಚಿಂತೆಯನ್ನು ಕೊಂಡಾಡುವ ಚರಿತ್ರೆಗಳು ಈ ಲೆಕ್ಕ ಹಾಕಿದವರ ಹೆಸರುಗಳನ್ನು ಅಷ್ಟಾಗಿ ದಾಖಲಿಸುವುದಿಲ್ಲ. ಮಠದ ಇತಿಹಾಸ ಬರೆಯುವವರು ಜಮಾಖರ್ಚಿನ ಪುಸ್ತಕಗಳನ್ನೂ ಆಕರಗಳೆಂದು ಪರಿಗಣಿಸಬೇಕಾದ ಅಗತ್ಯವಿದೆ.

ಪ್ರವಾದಿಯವರು ಒಂಟೆಯನ್ನು ಮೊದಲು ಕಟ್ಟಿ ಬಳಿಕ ದೇವರಲ್ಲಿ ಭರವಸೆಯಿಡಲು ಹೇಳಿದರೆಂಬ ಪ್ರಸಿದ್ಧ ಹದೀಸು ಇಸ್ಲಾಮಿನಲ್ಲಿ ಈ ವಿಷಯಕ್ಕೆ ಸಂಬಂಧಿಸಿದ್ದು. ವಕ್ಫ್ ಎಂಬ ವ್ಯವಸ್ಥೆಯಲ್ಲಿ ಅದು ಆಸ್ತಿಯ ರೂಪವನ್ನೇ ಪಡೆಯಿತು. ಬಾಸೆಲ್ ಮಿಶನ್ನಿನವರಂತೂ ನಾಳೆಗೆ ಚಿಂತಿಸಬಾರದೆಂಬ ಬೋಧೆಯ ಜೊತೆಗೇ ಶಾಲೆ, ಮುದ್ರಣಾಲಯ, ನೇಯ್ಗೆ, ಹೆಂಚಿನ ಕಾರ್ಖಾನೆಗಳನ್ನು ಕರ್ನಾಟಕದ ಕರಾವಳಿಯಲ್ಲಿಯೂ ಒಳನಾಡಿನಲ್ಲಿಯೂ ನಡೆಸಿದರು. ಇಷ್ಟು ಶ್ರದ್ಧೆಯಿಂದ ಮಾಡಿದ ಯೋಜನೆಯೂ 1914ರಲ್ಲಿ ಆರಂಭವಾದ ಮಹಾಯುದ್ಧದಿಂದ ಅವರ ಕೈತಪ್ಪಿತು. ಜರ್ಮನ್ ಮಿಶನರಿಗಳು ಬಂಧನಕ್ಕೊಳಗಾದರು, ಕೈಗಾರಿಕೆಗಳು ಬೇರೆಯವರ ವಶವಾದವು.

ಈಗ ಲಿಂಗಾಯತ ಸಂಸ್ಥೆಗಳತ್ತ ಬರಬಹುದು. 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಸ್ಥಾಪನೆಯಾಯಿತು. ಗಿಲಗಂಚಿ ಗುರುಸಿದ್ಧಪ್ಪ, ಅರಟಾಳ ರುದ್ರಗೌಡ ಮೊದಲಾದವರ ಪರಿಶ್ರಮ ಇದರ ಹಿಂದಿತ್ತು. ಕ್ಷಾಮ ಮುಗಿದು ಐದೇ ವರ್ಷಗಳಾಗಿದ್ದವು. ಬಡ ವಿದ್ಯಾರ್ಥಿಗಳಿಗೆ ನೆರವಾಗಲು ಒಂದು 'ಫಂಡ್' ಕೂಡಿಸುವುದು ಇದರ ಮೂಲ ಕಲ್ಪನೆ. ದಾಸೋಹಕ್ಕೂ ಫಂಡಿಗೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯ. ದಾಸೋಹದಲ್ಲಿ ಬಂದದ್ದು ಅಂದೇ ಸಲ್ಲುತ್ತದೆ. ಫಂಡಿನಲ್ಲಿ ಮೂಲಧನ ಸಲ್ಲಬಾರದು. ಅದರ ಬಡ್ಡಿ ಮಾತ್ರ ಸಲ್ಲಬೇಕು. ಲಕ್ಕಮ್ಮ ಹಿಂದಿರುಗಿಸೆಂದ ಹೆಚ್ಚಿನ ಅಕ್ಕಿಯನ್ನೇ ಇಲ್ಲಿ ಶಾಶ್ವತವಾಗಿ ಕಾಯ್ದಿರಿಸಲಾಗುತ್ತದೆ. ಇದು ಬೋಧೆಯ ಹಾದಿಯಿಂದ ನಿಜವಾಗಿಯೂ ಹೊರಳಿದ ಹೆಜ್ಜೆ. ಇದನ್ನು ದಾಸೋಹದ ಸಹಜ ವಿಸ್ತರಣೆಯೆಂದು ಕರೆದು ವ್ಯತ್ಯಾಸವನ್ನು ಮರೆಮಾಚುವ ಪ್ರವೃತ್ತಿ ಸಂಸ್ಮರಣ ಸಾಹಿತ್ಯದಲ್ಲಿ ಪ್ರಬಲವಾಗಿದೆ. ಅದನ್ನು ಒಪ್ಪುವುದು ಕಷ್ಟ. ಆದರೆ ದಾನಿಯ ದೃಷ್ಟಿಯಿಂದ ನೋಡಿದರೆ ಹಳೆಯ ನಿಯಮ ಮುರಿದಿಲ್ಲ. ಕೊಟ್ಟವನಿಗೆ ಅದರಿಂದ ತನ್ನ ನಾಳೆಗೆ ಏನೂ ಉಳಿಯುವುದಿಲ್ಲ.

ಈ ಎರಡನೆಯ ಅಂಶವನ್ನು ಅದರ ತುದಿಯವರೆಗೆ ಒಯ್ದವರು ಶಿರಸಂಗಿಯ ಲಿಂಗರಾಜ ದೇಸಾಯಿಯವರು. 1861ರಲ್ಲಿ ಜನಿಸಿ 1906ರಲ್ಲಿ ತೀರಿಕೊಂಡ ಅವರು ಶಿರಸಂಗಿ-ನವಲಗುಂದ ಸಂಸ್ಥಾನದ ದತ್ತುಪುತ್ರರಾಗಿದ್ದರು. 1904ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳ ಪ್ರೇರಣೆಯಿಂದ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯ ಮೊದಲ ಅಧಿವೇಶನ ನಡೆದಾಗ ಅಧ್ಯಕ್ಷತೆ ವಹಿಸಿದವರು ಅವರೇ. ವಂಶದಲ್ಲಿ ಮುಂದುವರಿಯಬೇಕಾಗಿದ್ದ ಸಂಸ್ಥಾನದ ಸಂಪತ್ತನ್ನು ಅವರು ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಬರೆದಿಟ್ಟರು. ಮೃತ್ಯುಪತ್ರವೆಂಬುದು ನಾಳೆಯನ್ನು ಕುರಿತು ಮನುಷ್ಯನು ಬರೆಯಬಹುದಾದ ಕೊನೆಯ ದಾಖಲೆ; ಬರೆದವನು ಇಲ್ಲದ ನಾಳೆ ಅದರ ವಿಷಯ. ಸಾಮಾನ್ಯವಾಗಿ ಅದರಲ್ಲಿ ವಂಶದ ಚಿಂತೆಯೇ ತುಂಬಿರುತ್ತದೆ. ದೇಸಗತಿ ಮನೆತನಗಳಲ್ಲಿ ವಾರಸುದಾರಿಕೆಯೇ ಸರ್ವಸ್ವವಾಗಿದ್ದ ಕಾಲದಲ್ಲಿ, ಅದೇ ಕಾಗದದಿಂದ ವಂಶವನ್ನು ಹೊರಗಿಟ್ಟು ಅಪರಿಚಿತರ ಮಕ್ಕಳನ್ನು ಒಳಗೆ ತಂದ ಈ ನಿರ್ಧಾರಕ್ಕೆ ಎಷ್ಟು ವಿರೋಧ ಎದುರಾಗಬಹುದಾಗಿತ್ತೆಂಬುದನ್ನು ಊಹಿಸಬಹುದು. ಜನ ಅವರನ್ನು ತ್ಯಾಗವೀರ ಎಂದು ಕರೆದರು. ಆ ಬಿರುದಿನಲ್ಲಿ ತ್ಯಾಗ ಎದ್ದು ಕಾಣುತ್ತದೆ. ಅದರ ಹಿಂದಿದ್ದ ಕಾನೂನಿನ ಎಚ್ಚರ ಮತ್ತು ಯೋಜನೆ ಅಷ್ಟು ಕಾಣುವುದಿಲ್ಲ. 1916ರಲ್ಲಿ ಏಳು ಮಂದಿ ಶಿಕ್ಷಕರಿಂದ ಬೆಳಗಾವಿಯಲ್ಲಿ ಹುಟ್ಟಿದ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸೈಟಿ 1933ರಲ್ಲಿ ತನ್ನ ಮೊದಲ ಕಾಲೇಜನ್ನು ತೆರೆದಾಗ ಅದಕ್ಕೆ ಲಿಂಗರಾಜರ ಹೆಸರನ್ನೇ ಇಟ್ಟಿತು.

ಧಾರವಾಡದ ಮುರುಘಾಮಠದಲ್ಲಿ ಹಳೆಯ ಮತ್ತು ಹೊಸ ಪದ್ಧತಿಗಳು ಅಕ್ಕಪಕ್ಕದಲ್ಲಿ ನಡೆದವು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಮೃತ್ಯುಂಜಯ ಅಪ್ಪಗಳು ಇಲ್ಲಿ ಬಡ ವಿದ್ಯಾರ್ಥಿಗಳಿಗಾಗಿ ನಡೆಸಿದ ಉಚಿತ ಪ್ರಸಾದ ನಿಲಯದಿಂದ ಹಳ್ಳಿಗಳ ಅಸಂಖ್ಯ ಹುಡುಗರು ಓದಿ ಮುಂದೆ ಬಂದರು. 1917ರಲ್ಲಿ ಕರ್ನಾಟಕ ಕಾಲೇಜು ಧಾರವಾಡದಲ್ಲಿ ಆರಂಭವಾದುದರಿಂದ ಊರಿಗೆ ಬರುವ ವಿದ್ಯಾರ್ಥಿಗಳ ಸಂಖ್ಯೆ ಇನ್ನಷ್ಟು ಏರಿತು. ಜಂಗಮನ ಜೋಳಿಗೆ ಮೂಲತಃ ಅಂದಂದಿನ ಊಟದ ಸಾಧನ. ನಾಳೆಗೆ ಉಳಿಸಿಕೊಳ್ಳದ ವ್ರತದ ಚಿಹ್ನೆ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿಯ ಸಮೀಪ ಶಿವಯೋಗ ಮಂದಿರವನ್ನು ಸ್ಥಾಪಿಸಿದಾಗ ಅದೇ ಜೋಳಿಗೆಯನ್ನು ಒಂದು ಸಂಸ್ಥೆಯ ಆದಾಯ ಮೂಲವಾಗಿ ಮಾರ್ಪಡಿಸಿದರು. ಪ್ರಸಾದ ನಿಲಯಗಳ ಕಾಲದಲ್ಲಿ ಹಳ್ಳಿಗಳಿಂದ ಜೋಳದ ಚೀಲಗಳು ಚಕ್ಕಡಿಗಳಲ್ಲಿ ಬರತೊಡಗಿದವು. ಒಂದು ಹುಡುಗನ ವಿದ್ಯಾಭ್ಯಾಸಕ್ಕೆ ಏಳೆಂಟು ವರ್ಷ ಬೇಕು. ಅಷ್ಟು ವರ್ಷಗಳ ಊಟವನ್ನು ಅಂದಂದಿನ ಭಿಕ್ಷೆಗೆ ಒಪ್ಪಿಸುವಂತಿಲ್ಲ. ವಿದ್ಯಾರ್ಥಿಯು ಪ್ರಸಾದಕ್ಕೆ ಅರ್ಹನಾದ ಅತಿಥಿಯ ಸ್ಥಾನಕ್ಕೆ ಬಂದುದೇ ಮಠಗಳ ಕಾಲದೃಷ್ಟಿ ಬದಲಾಗಲು ಕಾರಣವಾಯಿತು. ಜಂಗಮ ಇಂದು ಬಂದು ನಾಳೆ ಹೋಗುತ್ತಾನೆ. ವಿದ್ಯಾರ್ಥಿ ಮುಂದಿನ ಜೂನ್ ತಿಂಗಳಿಗೂ ಬರುತ್ತಾನೆ.

ರೈತನ ಮಟ್ಟದಲ್ಲಿ ಇದೇ ಬದಲಾವಣೆಯ ಸ್ವರೂಪವನ್ನು ಕಣಗಿನಹಾಳದಲ್ಲಿ ಕಾಣಬಹುದು. ಗದಗ ತಾಲ್ಲೂಕಿನ, ಅಂದು ಧಾರವಾಡ ಜಿಲ್ಲೆಗೆ ಸೇರಿದ್ದ ಈ ಹಳ್ಳಿಯಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ 1905ರಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ಸ್ಥಾಪನೆಯಾಯಿತು. 1904ರ ಕಾಯಿದೆಯನ್ವಯ ರಚಿತವಾದ ಮೊಟ್ಟಮೊದಲ ಸಂಘಗಳಲ್ಲಿ ಇದು ಅಗ್ರಗಣ್ಯ. ಆ ಕಾಯಿದೆಯ ಎರಡು ಅಂಶಗಳು ನಮಗೆ ಪ್ರಸ್ತುತವಾಗಿವೆ. ಗ್ರಾಮೀಣ ಸಂಘದ ಸದಸ್ಯರ ಹೊಣೆ ಅಪರಿಮಿತವಾಗಿತ್ತು, ಅಂದರೆ ಒಬ್ಬನ ಸಾಲಕ್ಕೆ ಎಲ್ಲರೂ ಬಾಧ್ಯರು. ಸಂಘದ ಲಾಭವನ್ನು ಹಂಚಿಕೊಳ್ಳದೆ ಮೀಸಲು ನಿಧಿಗೆ ಸೇರಿಸುವುದು ಸಾಮಾನ್ಯ ನಿಯಮವಾಗಿತ್ತು. ಇಂಗ್ಲಿಷ್ ಕಾಯಿದೆಯ ಕರಡು ಬರೆದವರಿಗೆ ಜರ್ಮನಿಯ ರೈಫೈಸೆನ್ ಸಂಘಗಳ ಮಾದರಿ ಎದುರಿಗಿತ್ತೇ ಹೊರತು ಶರಣರ ದಾಸೋಹವಲ್ಲ. ಆದರೂ ತನಗೆಂದು ಉಳಿಸಿಕೊಳ್ಳದೆ ಎಲ್ಲರಿಗೆಂದು ಉಳಿಸುವ ಈ ನಿಯಮ ಈ ಭಾಗದ ರೈತನಿಗೆ ಪರಕೀಯವೆನಿಸಬೇಕಾದ ಕಾರಣವಿರಲಿಲ್ಲ; ಕಣದಲ್ಲಿ ಆತ ಅದನ್ನು ಬೇರೆ ರೂಪದಲ್ಲಿ ಕಂಡಿದ್ದ.

ಈ ಸಂಸ್ಥೆಗಳ ಮಿತಿಯನ್ನೂ ಹೇಳದಿದ್ದರೆ ಚಿತ್ರ ಅಪೂರ್ಣವಾಗುತ್ತದೆ. ನಾಳೆಗಾಗಿ ಕೂಡಿಸುವಾಗ 'ನಾಳೆ ಯಾರದು' ಎಂದು ಬರೆದಿಡಬೇಕಾಗುತ್ತದೆ. ನಿತ್ಯದ ದಾಸೋಹಕ್ಕೆ ಆ ತೊಂದರೆ ಕಡಿಮೆ. ಹಸಿದು ಬಂದವನು ಪಂಕ್ತಿಯಲ್ಲಿ ಕುಳಿತರೆ ಅಲ್ಲಿಗೆ ಪ್ರಶ್ನೆ ಮುಗಿಯುತ್ತದೆ. ಫಂಡಿಗೆ ನಿಯಮಾವಳಿ ಬೇಕು, ನಿಯಮಾವಳಿಗೆ ಫಲಾನುಭವಿಯ ವ್ಯಾಖ್ಯೆ ಬೇಕು. ಹೀಗೆ ಧಾರವಾಡದ ಶಿಕ್ಷಣ ನಿಧಿಗಳೂ ವಸತಿ ನಿಲಯಗಳೂ ಬಹುಮಟ್ಟಿಗೆ ಒಂದೊಂದು ಸಮುದಾಯದ ಹೆಸರಿನಲ್ಲಿ ಬೆಳೆದವು. ಜಾತಿಯನ್ನು ನಿರಾಕರಿಸಿದ ಶರಣರ ಹೆಸರಿನಲ್ಲಿ ಸಂಗ್ರಹವಾದ ಹಣಕ್ಕೂ ಈ ಗಡಿ ತಪ್ಪಲಿಲ್ಲ. ಹುಬ್ಬಳ್ಳಿಯಲ್ಲಿ ಸರ್ದಾರ್ ವೀರನಗೌಡ ಪಾಟೀಲ ಮತ್ತು ನಾಗಮ್ಮತಾಯಿ ದಂಪತಿಗಳು ಹರಿಜನ ಬಾಲಿಕಾಶ್ರಮವನ್ನು ಕಟ್ಟಿದುದು ಈ ಗಡಿಯ ಆಚೆಗಿನ ಪ್ರಯತ್ನ. ಅಂಥವು ಎಣಿಕೆಗೆ ಸಿಗುವಷ್ಟೇ. ಚಿಂತೆಯನ್ನು ಯೋಜನೆಯಾಗಿ ಪರಿವರ್ತಿಸಿದ ತಲೆಮಾರಿನ ಸಾಧನೆ ದೊಡ್ಡದು. ಆ ಪರಿವರ್ತನೆಯಲ್ಲಿ ಪಂಕ್ತಿ ಕಿರಿದಾಯಿತೆಂಬುದೂ ಅಷ್ಟೇ ನಿಜ.

ಇನ್ನೊಂದು ಪರಿಣಾಮವನ್ನು ಸಂಕ್ಷೇಪವಾಗಿ ಸೂಚಿಸಬಹುದು. ಕೂಡಿಟ್ಟ ಆಸ್ತಿಯೊಡನೆ ಅದನ್ನು ಕಾಯುವ ಚಿಂತೆಯೂ ಮಠ ಮತ್ತು ಸಂಸ್ಥೆಗಳೊಳಗೆ ಬಂದಿತು. ಉತ್ತರಾಧಿಕಾರ, ಆಡಳಿತಗಳ ವ್ಯಾಜ್ಯಗಳು ನ್ಯಾಯಾಲಯದ ಮೆಟ್ಟಿಲೇರಿದವು. 1950ರ ಮುಂಬಯಿ ಸಾರ್ವಜನಿಕ ಟ್ರಸ್ಟುಗಳ ಕಾಯಿದೆ ನೋಂದಣಿಯನ್ನೂ ಲೆಕ್ಕಪರಿಶೋಧನೆಯನ್ನೂ ಕಡ್ಡಾಯ ಮಾಡಿತು. ಸ್ಥಿರಾಸ್ತಿ ಮಾರಲು ಚಾರಿಟಿ ಕಮಿಶನರರ ಅನುಮತಿ ಬೇಕಾಯಿತು. ಭೀಮಕವಿಯ ಪುರಾಣದಲ್ಲಿ ಬಿಜ್ಜಳ ನೋಡಿಸಿದ ಲೆಕ್ಕವನ್ನು ಈಗ ಸರ್ಕಾರ ವರ್ಷಕ್ಕೊಮ್ಮೆ ನೋಡತೊಡಗಿತು.

ಈ ಇತಿಹಾಸದ ಎಲ್ಲ ಎಳೆಗಳೂ ಒಬ್ಬ ವ್ಯಕ್ತಿಯ ಬದುಕಿನಲ್ಲಿ ಕೂಡಿರುವುದನ್ನು ಕಾಣಬೇಕಾದರೆ ಫ.ಗು. ಹಳಕಟ್ಟಿಯವರನ್ನು ನೋಡಬೇಕು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಕಾನೂನು ಓದಿ ವಿಜಯಪುರದಲ್ಲಿ ವಕೀಲಿ ವೃತ್ತಿ ಕೈಗೊಂಡರು. ಹಳ್ಳಿಹಳ್ಳಿಗಳ ಮನೆಗಳಲ್ಲಿ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ತಾಡವೋಲೆಗಳನ್ನು ಸಂಗ್ರಹಿಸಿ, ಪರಿಷ್ಕರಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. ನಾಳೆಗೆಂದು ಏನನ್ನೂ ಇಡಬಾರದೆಂಬ ಶರಣರ ಮಾತು ಆಧುನಿಕ ಓದುಗನಿಗೆ ವ್ಯವಸ್ಥಿತವಾಗಿ ತಲುಪಿದುದು ಅವರ ಇಂಥ ಪ್ರಕಟಣೆಗಳಿಂದ. ಅದೇ ಹಳಕಟ್ಟಿಯವರು 1910ರಲ್ಲಿ ವಿಜಯಪುರದಲ್ಲಿ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದ್ದರು. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಆರಂಭಿಸಿದ್ದರು. ಠೇವಣಿ, ಬಡ್ಡಿ, ಮೀಸಲು ನಿಧಿಗಳ ಕಾರ್ಯದಲ್ಲಿ ಪಳಗಿದ ಕೈಯೇ ಲಕ್ಕಮ್ಮನ ವಚನಗಳನ್ನೂ ತಿದ್ದಿ ಅಚ್ಚಿಗೆ ಕೊಟ್ಟಿತು. ಅವರ ಬರಹಗಳಲ್ಲಿ ಈ ಎರಡರ ನಡುವೆ ಘರ್ಷಣೆಯ ಅರಿವು ಕಾಣುವುದಿಲ್ಲ. ಬಹುಶಃ ಅವರಿಗೆ ಘರ್ಷಣೆಯೇ ಇರಲಿಲ್ಲ. ಬ್ಯಾಂಕು ಜಿಲ್ಲೆಯ ರೈತ, ನೇಕಾರ, ವ್ಯಾಪಾರಿಗಳ ನಾಳೆಗೆ ಸೇರಿದುದು. ತಮ್ಮ ಸ್ವಂತದ ವಿಷಯದಲ್ಲಿ ಅವರು ಹಳೆಯ ನಿಯಮವನ್ನೇ ಪಾಲಿಸಿದರು. ವಚನಗಳನ್ನು ಮುದ್ರಿಸಲು ಇರುವ ಮನೆಯನ್ನೇ ಮಾರಿ 1925ರಲ್ಲಿ ಮುದ್ರಣಾಲಯ ತೆರೆದರು. ಅದಕ್ಕೆ ಅವರು ಇಟ್ಟ ಹೆಸರು 'ಹಿತಚಿಂತಕ'. ಮರುವರ್ಷ 'ಶಿವಾನುಭವ' ಪತ್ರಿಕೆ, ಅದರ ಮರುವರ್ಷ 'ನವಕರ್ನಾಟಕ' ವಾರಪತ್ರಿಕೆ ಹೊರಟವು. ಕರ್ನಾಟಕ ವಿಶ್ವವಿದ್ಯಾಲಯ 1956ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಪ್ರದಾನ ಮಾಡಿತು. ಅಷ್ಟು ಹೊತ್ತಿಗೆ ಅವರು ಕಟ್ಟಿದ ಬ್ಯಾಂಕಿಗೆ 44 ವರ್ಷಗಳಾಗಿದ್ದವು. ಹುಟ್ಟಿದೂರಾದ ಧಾರವಾಡಕ್ಕೆ ಆ ಗೌರವದಿಂದ ಮತ್ತೆ ಸಂಬಂಧಿತರಾದ ಹಳಕಟ್ಟಿಯವರ ಹೆಸರಿನಲ್ಲಿ ಹೇಳಿಕೊಳ್ಳುವಂಥ ಆಸ್ತಿ ಉಳಿದಿರಲಿಲ್ಲ.